ನಾಯಿಮರಿ ಮನೆಗೆ ಬಂದರೆ ಪಾಠ ಯಾರಿಗೆ?

‘ನಾಯಿ ಬಾಲ ಡೊಂಕು’ ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಎಷ್ಟು ತಿದ್ದಿದರೂ ಬುದ್ಧಿ ಬಾರದವರಿಗೆ ಈ ಗಾದೆಯನ್ನು ಅಂಟಿಸಿಬಿಡುವುದು ನಮ್ಮ ಅಭ್ಯಾಸ. ಬಹಳ ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿರುವ ನಾನೂ ಹಿಂದಿನ ಬೆಂಚಿನ ಕೆಲವು ಹುಡುಗರ ಮೇಲೆ ಇದನ್ನು ಧಾರಾಳವಾಗಿ ಪ್ರಯೋಗಿಸಿದ್ದೇನೆ. ಆದರೆ 2019ರ ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಬಂದ ಒಂದು ಬಿಳಿ ಮರಿ ಈ ಗಾದೆಯ ಬಗ್ಗೆಯೇ ನನ್ನಲ್ಲಿ ಅನುಮಾನ ಹುಟ್ಟಿಸಿತು. ಡೊಂಕಾಗಿರುವುದು ನಾಯಿಯ ಬಾಲವೋ ಅಥವಾ ಅದನ್ನು ಸಾಕುವ ನಮ್ಮ ತಿಳಿವಳಿಕೆಯೋ?

ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಮನೆಯಲ್ಲಿ ನಾನು, ನನ್ನ ಹೆಂಡತಿ, ಆಗ ಎಂಟನೆಯ ತರಗತಿಯಲ್ಲಿದ್ದ ಮಗಳು ಮತ್ತು ಎಂಬತ್ತರ ಹತ್ತಿರದ ನನ್ನ ತಾಯಿ. ಮಗಳ ಒಂದು ವರ್ಷದ ಹಟಕ್ಕೆ ಸೋತು ಎರಡು ತಿಂಗಳ ಮರಿಯೊಂದನ್ನು ತಂದೆವು. ನಮ್ಮ ಊರುಗಳಲ್ಲಿ ಎಲ್ಲರೂ ‘ಪಾಮೆರೇನಿಯನ್’ ಎಂದು ಕರೆಯುವ, ವಾಸ್ತವವಾಗಿ ಅದರ ಹತ್ತಿರದ ಬಂಧುವಾದ ಸ್ಪಿಟ್ಜ್ ಜಾತಿಯ ಮರಿ ಅದು. ಮಗಳು ಅದಕ್ಕೆ ‘ಚುಕ್ಕಿ’ ಎಂದು ಹೆಸರಿಟ್ಟಳು.

ಹದಿನೈದು ದಿನದ ಗಡುವು

ಬಂದ ಮೊದಲ ದಿನವೇ ಚುಕ್ಕಿ ನಡುಮನೆಯಲ್ಲಿ ಮೂರು ಕಡೆ ಕೆರೆ ಕಟ್ಟಿತು. ಎರಡನೆಯ ದಿನ ನನ್ನ ಪಾಠದ ಟಿಪ್ಪಣಿಗಳ ಮೇಲೆ ತನ್ನ ಅಭಿಪ್ರಾಯ ದಾಖಲಿಸಿತು. ಮೂರನೆಯ ದಿನ ಬೆಳಿಗ್ಗೆ ಅಮ್ಮ ಪೂಜೆಗೆ ಕೂರುವ ಚಾಪೆಯೇ ಒದ್ದೆ. ಅಷ್ಟು ಹೊತ್ತು ಸುಮ್ಮನಿದ್ದ ಅಮ್ಮನ ತಾಳ್ಮೆ ತಪ್ಪಿತು.

“ನೋಡಪ್ಪ, ಹದಿನೈದು ದಿನ ನೋಡ್ತೀನಿ. ಅಷ್ಟರೊಳಗೆ ಇದು ಬುದ್ಧಿ ಕಲೀಲಿಲ್ಲ ಅಂದ್ರೆ ಎಲ್ಲಿಂದ ತಂದೆಯೋ ಅಲ್ಲೇ ಬಿಟ್ಟು ಬಾ” ಎಂದುಬಿಟ್ಟರು. ಮಗಳು ಅಂದು ಊಟ ಮಾಡಲಿಲ್ಲ. ತಾಯಿಯ ಮಾತಿನಲ್ಲಿ ನ್ಯಾಯವಿತ್ತು, ಮಗಳ ಕಣ್ಣಿನಲ್ಲಿ ನೀರಿತ್ತು. ಮಧ್ಯೆ ನಾನು.

ಇಂಥ ಗಡುವು ನಮ್ಮ ಮನೆಗೆ ಮಾತ್ರ ಸೀಮಿತವಲ್ಲ. ಮಕ್ಕಳ ಹಟಕ್ಕೆ ತಂದ ಮರಿಗಳಲ್ಲಿ ಎಷ್ಟೋ ಮನೆ ಗಲೀಜು ಮಾಡಿದ ತಪ್ಪಿಗೇ ಬೀದಿ ಪಾಲಾಗುತ್ತವೆ. ಸಾಕಿದವರ ಕೈಯಿಂದ ಹೊಡೆತ ತಿಂದು ಹೆದರುಪುಕ್ಕಲಾಗಿ ಬೆಳೆಯುವ ಮರಿಗಳೂ ಇವೆ. ಆದ್ದರಿಂದ ಇದು ಚಿಕ್ಕ ವಿಷಯವಲ್ಲ.

ಮಗಳಿಗೆ ನಾನು ಒಂದು ಸಲಹೆ ಕೊಟ್ಟೆ. “ಅಳೋದು ಬಿಡು ಮಗಳೇ. ಶಾಲೆಯಲ್ಲಿ ಪ್ರಯೋಗ ಮಾಡುವಾಗ ಮೊದಲು ಏನು ಮಾಡ್ತೀವಿ? ವೀಕ್ಷಣೆ. ಒಂದು ನೋಟ್‌ಬುಕ್ ತಗೋ. ಚುಕ್ಕಿ ಯಾವಾಗ ಎದ್ದಿತು, ಯಾವಾಗ ತಿಂದಿತು, ಯಾವಾಗ ಎಲ್ಲಿ ಒಂದಕ್ಕೆ ಅಥವಾ ಎರಡಕ್ಕೆ ಹೋಯಿತು, ಎಲ್ಲವನ್ನೂ ಬರೆದಿಡು.”

ನೋಟ್‌ಬುಕ್ ಹೇಳಿದ ಸತ್ಯ

ನಾಲ್ಕು ದಿನಗಳ ನಂತರ ನೋಟ್‌ಬುಕ್ ತೆರೆದು ಕುಳಿತೆವು. ‘ಎಲ್ಲೆಂದರಲ್ಲಿ, ಯಾವಾಗೆಂದರಾವಾಗ’ ಎಂದು ನಾವು ದೂರುತ್ತಿದ್ದ ಮರಿಗೆ ಗಡಿಯಾರದಂಥ ಶಿಸ್ತಿತ್ತು! ನಿದ್ದೆಯಿಂದ ಎದ್ದ ಕೂಡಲೇ ಒಮ್ಮೆ. ತಿಂದ ಹತ್ತು–ಇಪ್ಪತ್ತು ನಿಮಿಷಗಳಲ್ಲಿ ಒಮ್ಮೆ. ಜೋರಾಗಿ ಆಡಿದ ಮೇಲೆ ಒಮ್ಮೆ. ಸಂಜೆ ಮಗಳು ಶಾಲೆಯಿಂದ ಬಂದು “ಚುಕ್ಕೀ” ಎಂದು ಕೂಗಿದ ಸಂಭ್ರಮಕ್ಕೆ ಒಮ್ಮೆ.

ಪೂಜೆಯ ಚಾಪೆಯ ರಹಸ್ಯವೂ ಅಲ್ಲೇ ಬಯಲಾಯಿತು. ಮರಿ ಏಳುತ್ತಿದ್ದದ್ದು ಬೆಳಿಗ್ಗೆ ಐದೂವರೆಗೆ. ಅಮ್ಮನ ಪೂಜೆ ಮುಗಿಯುವವರೆಗೆ, ಅಂದರೆ ಆರೂವರೆಯವರೆಗೆ, ಹಿತ್ತಿಲ ಬಾಗಿಲು ತೆರೆಯುತ್ತಿರಲಿಲ್ಲ. ಆ ಒಂದು ಗಂಟೆ ಪಾಪ, ಅದು ಎಲ್ಲಿಗೆ ಹೋಗಬೇಕು? ಹಿತ್ತಿಲ ಬಾಗಿಲ ಪಕ್ಕದಲ್ಲೇ ಚಾಪೆ. ಬಾಗಿಲವರೆಗೆ ಹೋಗಿ, ಅದು ಮುಚ್ಚಿದ್ದರಿಂದ ಅಲ್ಲೇ ಮುಗಿಸುತ್ತಿತ್ತು. ತಪ್ಪು ಮರಿಯ ನಡತೆಯಲ್ಲಿರಲಿಲ್ಲ, ನಮ್ಮ ಮನೆಯ ವೇಳಾಪಟ್ಟಿಯಲ್ಲಿತ್ತು.

ಇದರ ಹಿಂದಿನ ಕಾರಣ ಶರೀರಶಾಸ್ತ್ರದ್ದು. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗಿ ಹಳೆಯದನ್ನು ಮುಂದೆ ತಳ್ಳಲು ಆರಂಭಿಸುತ್ತದೆ. ಈ ಪ್ರತಿವರ್ತನ ಮನುಷ್ಯರಲ್ಲೂ ಇದೆ. ಹಾಲು ಕುಡಿದ ಕೂಸು ತೊಡೆಯ ಮೇಲೆಯೇ ಬಟ್ಟೆ ಹಾಳು ಮಾಡುವುದನ್ನು ತಾಯಂದಿರು ಬಲ್ಲರು. ಇನ್ನು ಮರಿಯ ಮೂತ್ರಕೋಶ ಚಿಕ್ಕದು. ಅದನ್ನು ಹಿಡಿದಿಡುವ ಸ್ನಾಯುಗಳ ಮೇಲೆ ಮರಿಗೆ ಇನ್ನೂ ಹತೋಟಿ ಬಂದಿರುವುದಿಲ್ಲ. ಪಶುವೈದ್ಯರು ಹೇಳುವ ಒಂದು ಸ್ಥೂಲ ಲೆಕ್ಕವಿದೆ: ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ. ಹಗಲಿನಲ್ಲಿ ಅಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ. ಚಿಕ್ಕ ಜಾತಿಯ ನಾಯಿಗಳಿಗೆ ಇದಕ್ಕಿಂತ ಕಡಿಮೆಯೇ ಎಂದು ಇಟ್ಟುಕೊಳ್ಳುವುದು ಕ್ಷೇಮ. ರಾತ್ರಿ ಒಮ್ಮೆಯಾದರೂ ಎದ್ದು ಹೊರಗೆ ಕರೆದೊಯ್ಯಬೇಕು. ಗಲೀಜು ಮಾಡುತ್ತದೆಂದು ನೀರು ಕೊಡದೆ ಇರುವುದು ಮಾತ್ರ ಖಂಡಿತ ಸಲ್ಲದು.

ಮರುದಿನದಿಂದ ನಮ್ಮ ವೇಳಾಪಟ್ಟಿ ಬದಲಾಯಿತು. ಎದ್ದ ಕೂಡಲೇ, ತಿಂದ ಮೇಲೆ, ಆಡಿದ ಮೇಲೆ, ಮಲಗುವ ಮುನ್ನ ಮರಿಯನ್ನು ಎತ್ತಿಕೊಂಡು ಹಿತ್ತಿಲಿನ ಒಂದೇ ಜಾಗಕ್ಕೆ ಒಯ್ಯುವುದು. ಅಲ್ಲಿ “ಹೋಗು” ಎಂಬ ಒಂದೇ ಮಾತು ಹೇಳಿ ಐದು ನಿಮಿಷ ಸುಮ್ಮನೆ ನಿಲ್ಲುವುದು. ಊಟ ಗಡಿಯಾರ ನೋಡಿ ಕೊಟ್ಟರೆ ಹೊರಗೆ ಹೋಗುವ ಸಮಯವೂ ಗಡಿಯಾರದಂತೆ ಬರುತ್ತದೆ. ದಿನವಿಡೀ ತಟ್ಟೆ ತುಂಬಿಟ್ಟರೆ ಈ ಲೆಕ್ಕ ಕೆಡುತ್ತದೆ.

ಪಾವ್ಲೋವ್ ಕಲಿಸಿದ ಪಾಠ

ರಷ್ಯಾದ ಇವಾನ್ ಪಾವ್ಲೋವ್ ಹೆಸರನ್ನು ವಿದ್ಯಾರ್ಥಿಗಳು ಕೇಳಿರಬಹುದು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಾಯಿಗಳ ಜೊಲ್ಲನ್ನು ಅಳೆಯುತ್ತಿದ್ದಾಗ ಅವರು ಒಂದು ವಿಚಿತ್ರ ಗಮನಿಸಿದರು. ಆಹಾರ ಬಾಯಿಗೆ ಬೀಳುವ ಮೊದಲೇ, ಅದರ ಮುನ್ಸೂಚನೆ ಸಿಕ್ಕ ಕೂಡಲೇ ನಾಯಿಗಳು ಜೊಲ್ಲು ಸುರಿಸುತ್ತಿದ್ದವು. ಎರಡು ಘಟನೆಗಳು ಮತ್ತೆ ಮತ್ತೆ ಒಟ್ಟಿಗೆ ನಡೆದರೆ ಮಿದುಳು ಅವೆರಡನ್ನೂ ಗಂಟು ಹಾಕಿಬಿಡುತ್ತದೆ ಎಂಬುದು ಅವರ ಪ್ರಯೋಗಗಳ ಸಾರ.

ಮರಿಗೆ ಶೌಚದ ಶಿಸ್ತು ಕಲಿಸುವುದೂ ಇಂಥ ಗಂಟು ಹಾಕುವ ಕೆಲಸವೇ. ಹಿತ್ತಿಲಿನ ಆ ಜಾಗ, “ಹೋಗು” ಎಂಬ ಮಾತು, ಕಾಲ ಕೆಳಗಿನ ಮಣ್ಣು, ಕೆಲಸ ಮುಗಿದ ಕೂಡಲೇ ಒಂದು ಚೂರು ತಿಂಡಿ ಮತ್ತು “ಜಾಣ ಮರಿ” ಎಂಬ ಮೆಚ್ಚುಗೆ. ಇಲ್ಲಿ ‘ಕೂಡಲೇ’ ಎಂಬುದು ಬಹು ಮುಖ್ಯ. ಮರಿ ಕೆಲಸ ಮುಗಿಸಿ ಮನೆಯೊಳಗೆ ಬಂದ ಮೇಲೆ ತಿಂಡಿ ಕೊಟ್ಟರೆ ‘ಒಳಗೆ ಬಂದದ್ದಕ್ಕೆ ತಿಂಡಿ ಸಿಕ್ಕಿತು’ ಎಂದೇ ಅದು ಕಲಿಯುತ್ತದೆ. ಹಾಗಾಗಿ ಬೇಯಿಸಿದ ಕ್ಯಾರೆಟ್ಟಿನ ನಾಲ್ಕು ಚೂರುಗಳನ್ನು ಮಗಳು ಜೇಬಿನಲ್ಲೇ ಇಟ್ಟುಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು.

ಮಹಡಿ ಮನೆಗಳಲ್ಲಿ, ಫ್ಲಾಟುಗಳಲ್ಲಿ ಇರುವವರಿಗೆ ಹಿತ್ತಿಲೆಲ್ಲಿ? ಅವರು ಬಾಲ್ಕನಿಯಲ್ಲಿ ಅಗಲವಾದ ತಟ್ಟೆಯಲ್ಲಿ ಮಣ್ಣು ಹಾಕಿ ಅಥವಾ ಹಳೆಯ ಪತ್ರಿಕೆಗಳನ್ನು ಹಾಸಿ ಅಭ್ಯಾಸ ಮಾಡಿಸಬಹುದು. ಪತ್ರಿಕೆ ಮೊದಲು ಕೋಣೆಯಲ್ಲಿದ್ದರೆ ದಿನಕ್ಕೊಂದು ಅಡಿಯಂತೆ ಬಾಗಿಲ ಕಡೆಗೆ ಸರಿಸುತ್ತ ಹೋಗಿ. (ಈ ಪುರವಣಿಯನ್ನೂ ಬಳಸಬಹುದು; ಲೇಖನ ಓದಿ ಮುಗಿಸಿದ ನಂತರ ಎಂಬುದಷ್ಟೇ ನನ್ನ ಕೋರಿಕೆ!)

ಒಂದು ಎಚ್ಚರಿಕೆ. ಲಸಿಕೆಗಳು ಪೂರ್ತಿಯಾಗುವವರೆಗೆ ಮರಿಯನ್ನು ಬೇರೆ ನಾಯಿಗಳು ಓಡಾಡುವ ಬೀದಿಯಲ್ಲಿ, ಪಾರ್ಕಿನಲ್ಲಿ ಬಿಡಬೇಡಿ. ಪಾರ್ವೊ ಎಂಬ ವೈರಸ್ ರೋಗಪೀಡಿತ ನಾಯಿಯ ಮಲದಿಂದ ಹರಡುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮರಿಗಳ ಪ್ರಾಣ ತೆಗೆಯುತ್ತದೆ. ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಲಸಿಕೆ ಆರಂಭಿಸಿ, ಮೂರು ತಿಂಗಳ ಹೊತ್ತಿಗೆ ರೇಬೀಸ್ ಲಸಿಕೆಯನ್ನೂ ಹಾಕಿಸಬೇಕು. ಜಂತುಹುಳುವಿನ ಔಷಧವನ್ನು ವೈದ್ಯರು ಹೇಳಿದಂತೆ ಕೊಡಿಸಬೇಕು. ನಾಯಿಯ ಮಲದಲ್ಲಿರುವ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಾಡುವ ಮಕ್ಕಳ ಹೊಟ್ಟೆ ಸೇರಬಹುದು. ಆದ್ದರಿಂದ ಮಲವನ್ನು ಕಾಗದದಲ್ಲಿ ಎತ್ತಿ ವಿಲೇವಾರಿ ಮಾಡುವುದು, ನಂತರ ಸೋಪಿನಿಂದ ಕೈ ತೊಳೆಯುವುದು ಸಾಕುವವರ ಕರ್ತವ್ಯ.

ಮೂತಿ ಉಜ್ಜಿದರೆ ಬುದ್ಧಿ ಬರುವುದೇ?

ನಮ್ಮಲ್ಲಿ ರೂಢಿಯಲ್ಲಿರುವ ಶಿಕ್ಷೆಯೊಂದಿದೆ. ಮರಿಯ ಕತ್ತು ಹಿಡಿದು, ಅದು ಮಾಡಿದ ಗಲೀಜಿಗೆ ಅದರ ಮೂತಿಯನ್ನೇ ಉಜ್ಜುವುದು. ನಮ್ಮ ನೆರೆಮನೆಯ ಹಿರಿಯರೊಬ್ಬರು ನನಗೂ ಈ ಉಪಾಯ ಹೇಳಿದ್ದರು. “ನೋಡಿ ಮೇಷ್ಟ್ರೇ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು. ಮುಖ ನೋಡಿದರೆ ತಿಳಿಯೋಲ್ವೇ?” ಎಂದಿದ್ದರು.

ಬಾಲ ಮುದುರಿ, ಕಿವಿ ಕೆಳಗೆ ಮಾಡಿ, ಕಣ್ಣು ತಪ್ಪಿಸುವ ಆ ‘ಅಪರಾಧಿ ಮುಖ’ವನ್ನು ನಾವೆಲ್ಲ ಕಂಡಿದ್ದೇವೆ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷೆಗೆ ಒಡ್ಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ತಿನ್ನಬಾರದೆಂದು ಹೇಳಿ ತಿಂಡಿಯ ಮುಂದೆ ನಾಯಿಯನ್ನು ಬಿಟ್ಟು ಒಡೆಯ ಹೊರಗೆ ಹೋಗುತ್ತಾನೆ. ಹಿಂದಿರುಗಿದಾಗ ನಾಯಿ ತಪ್ಪು ಮಾಡಿದೆಯೋ ಇಲ್ಲವೋ ಎಂದು ಅವನಿಗೆ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು ಹೇಳಲಾಗುತ್ತದೆ. ಕಂಡುಬಂದದ್ದೇನು? ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದಕ್ಕೂ ಆ ಮುಖಭಾವಕ್ಕೂ ಸಂಬಂಧವಿರಲಿಲ್ಲ. ಒಡೆಯ ಗದರಿದಾಗ ಆ ಮುಖ ಕಾಣಿಸುತ್ತಿತ್ತು, ಅಷ್ಟೇ. ಏನೂ ತಪ್ಪು ಮಾಡದೆ ಬೈಸಿಕೊಂಡ ನಾಯಿಗಳೂ ಅದೇ ಮುಖ ಮಾಡಿದ್ದವು.

ಅಂದರೆ ನಾವು ಪಶ್ಚಾತ್ತಾಪವೆಂದು ಓದುತ್ತಿರುವುದು ಭಯವನ್ನು. ಗಂಟೆ ಕಳೆದ ಮೇಲೆ ಹೊಡೆದರೆ, ಹಳೆಯ ತಪ್ಪಿಗೂ ಇಂದಿನ ಏಟಿಗೂ ಮರಿ ಗಂಟು ಹಾಕಲಾರದು. ಅದು ಕಲಿಯುವುದು ಒಂದನ್ನೇ: ಈ ಮನುಷ್ಯನ ಎದುರು ಒಂದಕ್ಕೆ ಹೋಗಬಾರದು. ಆಮೇಲೆ ಮಂಚದ ಕೆಳಗೆ, ಬೀರುವಿನ ಹಿಂದೆ ಕದ್ದು ಮುಗಿಸುತ್ತದೆ. ಕಣ್ಣೆದುರೇ ಮಾಡಲು ಹೊರಟರೆ ಗದರದೆ ಎತ್ತಿಕೊಂಡು ಹೊರಗೆ ಓಡಿ. ಮುಗಿದುಹೋಗಿದ್ದರೆ ಬಟ್ಟೆ ತಂದು ಒರೆಸಿ. ಅಷ್ಟೇ.

ಒರೆಸುವುದರಲ್ಲೂ ವಿಜ್ಞಾನವಿದೆ. ನಮ್ಮ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು 50–60 ಲಕ್ಷದಷ್ಟಿದ್ದರೆ ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚು. ನಮಗೆ ಹೋಯಿತೆನಿಸಿದ ವಾಸನೆ ಅದಕ್ಕೆ ‘ಶೌಚಾಲಯ ಇಲ್ಲಿದೆ’ ಎಂಬ ಫಲಕದಂತೆ ಉಳಿದಿರುತ್ತದೆ. ಸೋಪು ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಬೇಕು. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣ ಇನ್ನೂ ಉತ್ತಮ. ಅಮೋನಿಯ ಇರುವ ಕ್ಲೀನರ್ ಬೇಡ, ಅದರ ವಾಸನೆ ಮೂತ್ರವನ್ನೇ ಹೋಲುತ್ತದೆ. ಫಿನಾಯಿಲ್ ಹಾಕಿದ ನೆಲ ಪೂರ್ತಿ ಒಣಗುವವರೆಗೆ ನಾಯಿ, ಬೆಕ್ಕುಗಳನ್ನು ಬಿಡಬಾರದು. ಪಾದಕ್ಕಂಟಿದ ದ್ರವವನ್ನು ಅವು ನೆಕ್ಕುತ್ತವೆ.

ಹದಿನೈದನೆಯ ದಿನ ಏನಾಯಿತು? ಚುಕ್ಕಿ ಪೂರ್ತಿ ಕಲಿತಿರಲಿಲ್ಲ. ದಿನಕ್ಕೆ ಒಂದು ತಪ್ಪು ಆಗುತ್ತಲೇ ಇತ್ತು. ಆದರೆ ಅಂದು ಮುಂಜಾನೆ ನಾನೆದ್ದಾಗ ಹಿತ್ತಿಲ ಬಾಗಿಲು ಆಗಲೇ ತೆರೆದಿತ್ತು. ಅಮ್ಮ ಸ್ನಾನಕ್ಕೆ ಮೊದಲೇ ಚಿಲಕ ತೆಗೆದು, ಮೆಟ್ಟಿಲ ಮೇಲೆ ನಿಂತು “ಹೋಗು, ಹೋಗು, ಬೇಗ ಮುಗಿಸು” ಎನ್ನುತ್ತಿದ್ದರು. ಗಡುವಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಾಲ್ಕು ತಿಂಗಳು ತುಂಬುವ ವೇಳೆಗೆ ಮರಿ ತಾನಾಗಿಯೇ ಬಾಗಿಲ ಬಳಿ ಹೋಗಿ ನಿಲ್ಲುವುದನ್ನು ಕಲಿಯಿತು. ಚಿಕ್ಕ ಜಾತಿಯ ಮರಿಗಳು ಪೂರ್ತಿ ಪಳಗಲು ಇನ್ನೂ ಕೆಲವು ತಿಂಗಳು ಹಿಡಿದರೆ ಗಾಬರಿ ಬೇಡ. ಆದರೆ ಚೆನ್ನಾಗಿ ಕಲಿತಿದ್ದ ನಾಯಿ ಇದ್ದಕ್ಕಿದ್ದಂತೆ ಒಳಗೆ ಮೂತ್ರ ಮಾಡತೊಡಗಿದರೆ ಅದು ಹಟವಲ್ಲ, ಮೂತ್ರನಾಳದ ಸೋಂಕು ಇರಬಹುದು. ವೈದ್ಯರಿಗೆ ತೋರಿಸಿ.

ಹಬ್ಬದ ದಿನ ನಡೆದದ್ದು

ಒಂದು ಪಾಠ ಮುಗಿಯಿತೆಂದು ನೆಮ್ಮದಿಯಾಗಿದ್ದಾಗ ಎರಡನೆಯ ಪಾಠ ಅಡುಗೆಮನೆಯಿಂದ ಬಂತು. ಆ ವರ್ಷದ ಗೌರಿ–ಗಣೇಶ ಹಬ್ಬಕ್ಕೆ ನೆಂಟರೆಲ್ಲ ಸೇರಿದ್ದರು. ಪಾಯಸಕ್ಕೆಂದು ಬಟ್ಟಲಲ್ಲಿ ತೆಗೆದಿಟ್ಟಿದ್ದ ಒಣದ್ರಾಕ್ಷಿಯನ್ನು ನನ್ನ ತಂಗಿಯ ಆರು ವರ್ಷದ ಮಗ ಚುಕ್ಕಿಗೆ ಒಂದೊಂದಾಗಿ ತಿನ್ನಿಸಿದ್ದ. ಒಂದು ಹಿಡಿ ಖಾಲಿಯಾಗಿತ್ತು. “ಮಾವ, ಚುಕ್ಕಿಗೆ ದ್ರಾಕ್ಷಿ ತುಂಬಾ ಇಷ್ಟ” ಎಂದು ಅವನೇ ಬಂದು ಹೇಳಿದ.

ನಾನು ನಕ್ಕುಬಿಟ್ಟೆ. “ದ್ರಾಕ್ಷಿ ತಾನೇ, ಒಳ್ಳೆಯದೇ ಬಿಡು” ಎಂದೆ. ವಿಜ್ಞಾನದ ಮೇಷ್ಟ್ರು ಹೇಳಿದ ಮೇಲೆ ಯಾರು ಪ್ರಶ್ನಿಸುತ್ತಾರೆ?

ರಾತ್ರಿ ಚುಕ್ಕಿ ನಾಲ್ಕು ಬಾರಿ ವಾಂತಿ ಮಾಡಿತು. ಬೆಳಿಗ್ಗೆ ಹೊತ್ತಿಗೆ ತಲೆ ಎತ್ತುತ್ತಿರಲಿಲ್ಲ. ಪಶುವೈದ್ಯರು ನನ್ನಿಂದ ವಿಷಯ ಕೇಳಿದವರೇ, “ಮೇಷ್ಟ್ರೇ, ತಿಂದ ಕೂಡಲೇ ತಂದಿದ್ದರೆ ವಾಂತಿ ಮಾಡಿಸಿ ಹೊರಗೆ ತೆಗೀಬಹುದಿತ್ತು. ಈಗ ಮೂತ್ರಪಿಂಡ ಉಳಿಸೋದು ನೋಡಬೇಕು” ಎಂದರು. ಮೂರು ದಿನ ಡ್ರಿಪ್ ಹಾಕಿ, ರಕ್ತಪರೀಕ್ಷೆ ಮಾಡಿ ಕಾದರು. ಮಗಳು ಮೂರೂ ದಿನ ಅದರ ಪಕ್ಕದಲ್ಲೇ ಕುಳಿತಿದ್ದಳು. ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ನಾಲ್ಕನೆಯ ದಿನ ಚುಕ್ಕಿ ತಾನಾಗಿ ನೀರು ಕುಡಿಯಿತು.

“ನಾವು ದಿನಾ ತಿನ್ನುವ ಹಣ್ಣು, ಅದಕ್ಕೆ ವಿಷ ಹೇಗೆ ಡಾಕ್ಟ್ರೇ?” ಎಂದು ಕೇಳಿದ್ದೆ. “ಕಾರಣ ಇನ್ನೂ ಯಾರಿಗೂ ಗೊತ್ತಿಲ್ಲ ಮೇಷ್ಟ್ರೇ” ಎಂದಿದ್ದರು. ಅವರು ಹೇಳಿದ್ದು ಅಂದಿಗೆ ನಿಜ. ಉತ್ತರದ ಎಳೆ ಸಿಕ್ಕಿದ್ದು 2021ರಲ್ಲಿ. ಅಮೆರಿಕದಲ್ಲಿ ಮನೆಯಲ್ಲೇ ತಯಾರಿಸಿದ ಆಟದ ಹಿಟ್ಟನ್ನು ತಿಂದ ನಾಯಿಗಳಿಗೆ ದ್ರಾಕ್ಷಿ ತಿಂದಾಗಿನಂಥದೇ ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡಿತ್ತು. ಆ ಹಿಟ್ಟಿಗೆ ಹಾಕಿದ್ದು ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯಲ್ಲಿ ಹೇರಳವಾಗಿರುವುದೂ ಇದೇ ಆಮ್ಲ. ನಾಯಿಯ ಮೂತ್ರಪಿಂಡಕ್ಕೆ ಹಾನಿ ಮಾಡುವುದು ಇದೇ ಇರಬೇಕು ಎಂದು ಅಲ್ಲಿನ ಪಶುವಿಷ ತಜ್ಞರು ಬರೆದರು. ಒಂದೊಂದು ದ್ರಾಕ್ಷಿಯಲ್ಲಿ ಆಮ್ಲದ ಪ್ರಮಾಣ ಬೇರೆ ಬೇರೆ. ಆದ್ದರಿಂದಲೇ ಒಂದು ನಾಯಿ ತಿಂದು ಅರಗಿಸಿಕೊಂಡರೆ ಮತ್ತೊಂದು ಪ್ರಾಣ ಬಿಡುತ್ತದೆ. ‘ಇಷ್ಟು ಕೊಟ್ಟರೆ ಅಪಾಯವಿಲ್ಲ’ ಎಂಬ ಲೆಕ್ಕ ದ್ರಾಕ್ಷಿಗೆ ಇಲ್ಲ.

ಇದನ್ನು ಓದಿದಾಗ ನನ್ನ ಕಣ್ಣು ಹಿತ್ತಿಲ ಹುಣಸೆ ಮರದ ಕಡೆ ಹೋಯಿತು. ಹುಣಸೆಹಣ್ಣಿನ ಹುಳಿಗೆ ಕಾರಣವೂ ಟಾರ್ಟಾರಿಕ್ ಆಮ್ಲವೇ! ಅಂದರೆ ಮಿಕ್ಕ ಹುಳಿ, ಸಾರು, ಗೊಜ್ಜು, ಪುಳಿಯೋಗರೆ ಯಾವುದನ್ನೂ ನಾಯಿಯ ತಟ್ಟೆಗೆ ಸುರಿಯುವಂತಿಲ್ಲ.

ಅದರ ದೇಹ ನಮ್ಮ ದೇಹವಲ್ಲ

ನಾವು ತಿನ್ನುವುದು ನಾಯಿಗೇಕೆ ಆಗುವುದಿಲ್ಲ? ಒಂದು ಪದಾರ್ಥ ವಿಷವೋ ಅಲ್ಲವೋ ಎಂಬುದು ಆ ಪದಾರ್ಥದಲ್ಲಿ ಮಾತ್ರ ಇಲ್ಲ. ಅದನ್ನು ಒಡೆದು ಹೊರಹಾಕುವ ದೇಹದ ಶಕ್ತಿ ಎಷ್ಟು, ತಿಂದ ಪ್ರಮಾಣ ಎಷ್ಟು, ದೇಹದ ತೂಕ ಎಷ್ಟು ಎಂಬುದರಲ್ಲೂ ಇದೆ. ಚಿಕ್ಕ ನಾಯಿಗೆ ಅಪಾಯ ಹೆಚ್ಚಿರುವುದು ಇದೇ ಕಾರಣಕ್ಕೆ.

ಚಾಕೊಲೇಟನ್ನೇ ತೆಗೆದುಕೊಳ್ಳಿ. ಕೋಕೋ ಗಿಡದ ಕುಲಕ್ಕೆ ‘ಥಿಯೊಬ್ರೋಮ’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ದೇವರ ಆಹಾರ’ ಎಂದರ್ಥ. ಅದರಲ್ಲಿರುವ ಥಿಯೊಬ್ರೋಮಿನ್ ಎಂಬ ರಾಸಾಯನಿಕ ನಾಯಿಗೆ ವಿಷ. (ಹೆಸರಿನಲ್ಲಿ ಬ್ರೋಮಿನ್ ಕಂಡರೂ ಅಣುವಿನಲ್ಲಿ ಬ್ರೋಮಿನ್ ಇಲ್ಲ, ಪರೀಕ್ಷೆಯಲ್ಲಿ ಎಡವಬೇಡಿ!) ನಮ್ಮ ದೇಹ ಇದರ ಅರ್ಧ ಭಾಗವನ್ನು 6ರಿಂದ 10 ಗಂಟೆಗಳಲ್ಲಿ ಕಳೆದುಕೊಂಡರೆ ನಾಯಿಗೆ ಸುಮಾರು 17 ಗಂಟೆ ಬೇಕು. ಅಷ್ಟು ಹೊತ್ತು ಅದು ಹೃದಯವನ್ನೂ ನರಮಂಡಲವನ್ನೂ ಕೆರಳಿಸುತ್ತಿರುತ್ತದೆ.

ಈಗ ಪೆನ್ಸಿಲ್ ಹಿಡಿಯಿರಿ. ನಾಯಿಯ ತೂಕದ ಪ್ರತಿ ಕಿಲೋಗ್ರಾಂಗೆ 20 ಮಿಲಿಗ್ರಾಂ ಥಿಯೊಬ್ರೋಮಿನ್ ಹೊಟ್ಟೆ ಸೇರಿದರೆ ವಾಂತಿ, ಭೇದಿ, ಚಡಪಡಿಕೆ ಶುರುವಾಗಬಹುದು. 40–50 ಮಿಲಿಗ್ರಾಂ ಮುಟ್ಟಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ. 60ರ ಮೇಲೆ ಅಪಸ್ಮಾರದಂಥ ಸೆಳೆತ. 4 ಕಿಲೋ ತೂಕದ ನಾಯಿಗೆ ಮೊದಲ ಮಿತಿ 80 ಮಿಲಿಗ್ರಾಂ. ಹಾಲಿನ ಚಾಕೊಲೇಟಿನಲ್ಲಿ ಗ್ರಾಂಗೆ ಸುಮಾರು 2 ಮಿಲಿಗ್ರಾಂ ಇರುತ್ತದೆ. ಅಂದರೆ 40 ಗ್ರಾಮಿನ ಒಂದು ಬಾರ್ ಸಾಕು. ಕಪ್ಪು ಚಾಕೊಲೇಟಿನಲ್ಲಿ ಗ್ರಾಂಗೆ ಸುಮಾರು 5 ಮಿಲಿಗ್ರಾಂ ಎಂದರೆ 16 ಗ್ರಾಂ. ಕೇಕಿಗೆ ಹಾಕುವ ಕೋಕೋ ಪುಡಿಯಲ್ಲಿ ಗ್ರಾಂಗೆ ಸುಮಾರು 20 ಮಿಲಿಗ್ರಾಂ ಎಂದರೆ ಬರೀ 4 ಗ್ರಾಂ! 30 ಕಿಲೋ ತೂಗುವ ನಾಯಿ ತಿಂದು ಬಾಲ ಅಲ್ಲಾಡಿಸುವಷ್ಟು ಚಾಕೊಲೇಟು ನಮ್ಮ ಚುಕ್ಕಿಯಂಥದಕ್ಕೆ ಪ್ರಾಣಾಂತಿಕ. ಕಾಫಿ, ಚಹಾದ ಕೆಫೀನ್ ಇದರದೇ ಸಹೋದರ. ಸೋಸಿದ ಚಹಾ ಸೊಪ್ಪು, ಫಿಲ್ಟರಿನ ಚರಟ ತೆರೆದ ಬುಟ್ಟಿಯಲ್ಲಿರಬಾರದು.

ಇನ್ನೊಂದು ಹೊಸ ಶತ್ರು ಕ್ಸೈಲಿಟಾಲ್. ‘ಸಕ್ಕರೆರಹಿತ’ ಎಂದು ಬರೆದಿರುವ ಕೆಲವು ಚೂಯಿಂಗ್ ಗಮ್, ಟೂತ್‌ಪೇಸ್ಟುಗಳಲ್ಲಿರುವ ಸಿಹಿ ಇದು. ನಮಗೆ ತೊಂದರೆಯಿಲ್ಲ. ಆದರೆ ನಾಯಿಯ ಮೇದೋಜೀರಕ ಗ್ರಂಥಿ ಇದನ್ನು ಸಕ್ಕರೆಯೆಂದೇ ಭ್ರಮಿಸಿ ಇನ್ಸುಲಿನ್ ಸುರಿಸುತ್ತದೆ. ಅರ್ಧ–ಒಂದು ಗಂಟೆಯಲ್ಲಿ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಿ ಬೀಳಬಹುದು. ಪ್ರತಿ ಕಿಲೋ ತೂಕಕ್ಕೆ 0.1 ಗ್ರಾಂ ಸಾಕು. ಚಿಕ್ಕ ನಾಯಿಗೆ ಒಂದೆರಡು ಗಮ್ ಎಂದರೆ ಅಷ್ಟೇ. ಪ್ರಮಾಣ ಹೆಚ್ಚಾದರೆ ಯಕೃತ್ತೂ ಕೆಡುತ್ತದೆ.

ಕರಿಯನ ನೆನಪು

ಈರುಳ್ಳಿಯ ವಿಷಯ ಬರೆಯುವಾಗ ನನಗೆ ಕರಿಯನ ನೆನಪಾಗುತ್ತದೆ. 1990ರ ದಶಕದಲ್ಲಿ, ನಾನಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಬಾಡಿಗೆ ಮನೆಯ ಬಾಗಿಲಲ್ಲಿ ತಾನಾಗಿ ಬಂದು ಸೇರಿಕೊಂಡ ಪುಟ್ಟ ಕಪ್ಪು ನಾಯಿ ಅದು. ಮಿಕ್ಕ ಅನ್ನಕ್ಕೆ ಈರುಳ್ಳಿ ಹುಳಿ ಕಲಸಿ ದಿನಾ ಹಾಕುತ್ತಿದ್ದೆ. ಪ್ರೀತಿಯಿಂದಲೇ ಹಾಕುತ್ತಿದ್ದೆ. ಮೂರನೆಯ ವರ್ಷ ಅದು ಸೊರಗಿತು. ಒಸಡು ಬಿಳುಚಿಕೊಂಡಿತ್ತು, ಹತ್ತು ಹೆಜ್ಜೆ ಓಡಿದರೆ ಏದುಸಿರು, ಮೂತ್ರ ಕಾಫಿ ಬಣ್ಣ. ಯಾರೋ ‘ಕಾಮಾಲೆ’ ಎಂದರು. ಒಂದು ವಾರದಲ್ಲಿ ತೀರಿಕೊಂಡಿತು.

ಈರುಳ್ಳಿ, ಬೆಳ್ಳುಳ್ಳಿಯ ಗಂಧಕಯುಕ್ತ ಸಂಯುಕ್ತಗಳು ನಾಯಿ–ಬೆಕ್ಕುಗಳ ಕೆಂಪು ರಕ್ತಕಣದ ಹಿಮೋಗ್ಲೋಬಿನ್ನನ್ನು ಉತ್ಕರ್ಷಿಸುತ್ತವೆ. ಕೆಟ್ಟ ಹಿಮೋಗ್ಲೋಬಿನ್ ಕಣದ ಅಂಚಿನಲ್ಲಿ ಗಂಟು ಕಟ್ಟುತ್ತದೆ. ಅಂಥ ಕಣಗಳು ಬೇಗ ಒಡೆದು ನಾಶವಾಗುತ್ತವೆ, ರಕ್ತಹೀನತೆ ಬರುತ್ತದೆ. ನಾಯಿಯ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ರಕ್ತ ಕೆಡಿಸಬಲ್ಲದು. 4 ಕಿಲೋ ನಾಯಿಗೆ 60 ಗ್ರಾಂ, ಅಂದರೆ ಒಂದು ಸಣ್ಣ ಗೆಡ್ಡೆ. ಬೆಕ್ಕಿಗೆ ಕಿಲೋಗೆ 5 ಗ್ರಾಂ ಸಾಕು. ಬೇಯಿಸಿದರೂ ಹುರಿದರೂ ವಿಷ ಹೋಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ದಿನಾ ತಿಂದರೂ ಹಾನಿ ಕೂಡುತ್ತ ಹೋಗುತ್ತದೆ. ಲಕ್ಷಣಗಳು ಕೆಲವು ದಿನಗಳ ನಂತರ ಕಾಣಿಸುವುದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಕರಿಯನ ಸಾವಿಗೆ ಈರುಳ್ಳಿಯೇ ಕಾರಣವೆಂದು ನಾನು ಇಂದು ಸಾಧಿಸಲಾರೆ. ಉಣ್ಣೆಯಿಂದ ಹರಡುವ ಜ್ವರದಲ್ಲೂ ಇವೇ ಲಕ್ಷಣಗಳಿರುತ್ತವೆ. ಆದರೆ ಆ ತಟ್ಟೆ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ತಿಂದುಬಿಟ್ಟರೆ ಏನು ಮಾಡಬೇಕು?

ಲಕ್ಷಣ ಕಾಣಿಸಲಿ ಎಂದು ಕಾಯಬೇಡಿ. ಇದು ನಾನು ದುಬಾರಿ ಬೆಲೆ ತೆತ್ತು ಕಲಿತದ್ದು. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು, ಪೊಟ್ಟಣದ ಹೊದಿಕೆಯನ್ನೂ ಹಿಡಿದು ಪಶುವೈದ್ಯರಲ್ಲಿಗೆ ಧಾವಿಸಿ. ನಾಯಿಯ ತೂಕ ನಿಮಗೆ ಗೊತ್ತಿರಲಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವ ನಾಟಿ ಉಪಾಯ ಬೇಡ. ಅತಿ ಉಪ್ಪು ತಾನೇ ಒಂದು ವಿಷ. ಮನೆಯ ಮಾತ್ರೆಗಳನ್ನಂತೂ ಕೊಡಲೇಬೇಡಿ. ಜ್ವರಕ್ಕೆ ನಾವು ನುಂಗುವ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನೋವಿಗೆ ನುಂಗುವ ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಹಾಗಾದರೆ ಕೊಡುವುದೇನು? ಉಪ್ಪು, ಖಾರ, ಹುಳಿ, ಒಗ್ಗರಣೆ ಇಲ್ಲದ ಮೆತ್ತನೆಯ ಅನ್ನ ಅಥವಾ ರಾಗಿ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಬೇಯಿಸಿದ ಕೋಳಿಮಾಂಸ, ಕ್ಯಾರೆಟ್, ಸಿಹಿಗುಂಬಳ, ಬೀನ್ಸ್. ಆದರೆ ಅನ್ನ–ಮೊಸರೊಂದೇ ಬೆಳೆಯುವ ಮರಿಗೆ ಸಾಲದು, ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಬೇಕು. ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ಗೊತ್ತುಮಾಡಿಕೊಳ್ಳಿ. ದೊಡ್ಡ ನಾಯಿಗಳಲ್ಲಿ ಹಲವಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ.

ನಾಯಿಮರಿ ಬೇಕೆಂದು ಹಟ ಹಿಡಿದಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು. ಅಪ್ಪ–ಅಮ್ಮನನ್ನು ಒಪ್ಪಿಸುವ ಮೊದಲು ಒಂದು ನೋಟ್‌ಬುಕ್ ಕೊಳ್ಳಿ. ಮುಂಜಾನೆ ಐದೂವರೆಗೆ ಏಳುವವರು ಯಾರು, ಮಧ್ಯಾಹ್ನ ಹೊರಗೆ ಕರೆದೊಯ್ಯುವವರು ಯಾರು ಎಂದು ಮೊದಲ ಪುಟದಲ್ಲಿ ಬರೆಯಿರಿ. ಹೆಸರುಗಳು ತುಂಬಿದರೆ ಮರಿ ತನ್ನಿ. ತಂದೆ–ತಾಯಿಯರಿಗೂ ಒಂದು ಮಾತು: ಮರಿಯನ್ನು ಮಗುವಿಗೆ ಆಟಿಕೆಯಂತೆ ಕೊಡಿಸಬೇಡಿ. ಅದರ ಆಯುಷ್ಯ ಹತ್ತು–ಹದಿನೈದು ವರ್ಷ. ಮಗು ಓದಲು ಊರು ಬಿಟ್ಟ ಮೇಲೂ ಅದು ನಿಮ್ಮ ಬಾಗಿಲಲ್ಲೇ ಇರುತ್ತದೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಮಗಳು ಕಾಲೇಜಿಗೆಂದು ಊರು ಬಿಟ್ಟಳು, ಅವಳು ಬರೆದು ಫ್ರಿಜ್‌ಗೆ ಅಂಟಿಸಿದ ಪಟ್ಟಿ ಉಳಿದಿದೆ. ಹಬ್ಬದ ದಿನ ಒಣದ್ರಾಕ್ಷಿ ಡಬ್ಬಿಯನ್ನು ಅಟ್ಟದ ಮೇಲಿಟ್ಟು, ಬಂದ ನೆಂಟರಿಗೆಲ್ಲ ಬಾಗಿಲಲ್ಲೇ “ನಾಯಿಗೆ ಏನೂ ಕೊಡಬೇಡಿ, ನನ್ನ ಕೇಳಿ ಕೊಡಿ” ಎಂದು ಹೇಳುವ ಕೆಲಸವನ್ನು ಅಮ್ಮ ವಹಿಸಿಕೊಂಡರು.

ಫ್ರಿಜ್ ಮೇಲಿನ ಪಟ್ಟಿ: ನಾಯಿಗೆ ಇವು ಬೇಡ

* ದ್ರಾಕ್ಷಿ, ಒಣದ್ರಾಕ್ಷಿ ಮತ್ತು ಅವು ಇರುವ ಪಾಯಸ, ಕೇಸರಿಭಾತ್, ಕೇಕ್
* ಹುಣಸೆಹಣ್ಣು, ಹುಳಿ, ಸಾರು, ಗೊಜ್ಜು
* ಈರುಳ್ಳಿ, ಬೆಳ್ಳುಳ್ಳಿ. ಹಸಿಯೂ ಬೇಡ, ಬೇಯಿಸಿದ್ದೂ ಬೇಡ
* ಚಾಕೊಲೇಟ್, ಕೋಕೋ ಪುಡಿ, ಕಾಫಿ, ಚಹಾ
* ಸಕ್ಕರೆರಹಿತ ಚೂಯಿಂಗ್ ಗಮ್, ನಮ್ಮ ಟೂತ್‌ಪೇಸ್ಟ್
* ಬೇಯಿಸಿದ ಮೂಳೆ (ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ), ಮಾವಿನ ವಾಟೆ (ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ)
* ಬೋಂಡ, ಚಿಪ್ಸ್‌ನಂಥ ಕರಿದ ತಿಂಡಿ; ಅತಿ ಕೊಬ್ಬು ಮೇದೋಜೀರಕ ಗ್ರಂಥಿಗೆ ಉರಿಯೂತ ತರಬಹುದು
* ಮದ್ಯ, ಮನುಷ್ಯರ ಮಾತ್ರೆಗಳು